ಮಂಡೆ ಬೆಚ್ಚ ಆದ ಇಂಜಿನ್ನು

ನಮ್ಮ ಕಡೆ ಚಿಂತೆ ಜಾಸ್ತಿ ಆದ್ರೆ "ಮಂಡೆ ಬೆಚ್ಚ" ಅಂತ ಹೇಳುದು. ಮಗಳಿಗೆ ಮಾರ್ಕು ಕಮ್ಮಿ ಬಂದ್ರೂ ಮಂಡೆ ಬೆಚ್ಚ, ಕರೆಂಟ್ ಬಿಲ್ಲು ಜಾಸ್ತಿ ಬಂದ್ರೂ ಮಂಡೆ ಬೆಚ್ಚ. ಆದ್ರೆ ನಿಜವಾಗಿ ಮಂಡೆ ಬೆಚ್ಚ ಅಂದ್ರೆ ಎಂತ ಅಂತ ನನಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಆಗುಂಬೆ ಘಾಟಿಯ ತಿರುವಿನಲ್ಲಿ, ನಮ್ಮ ಕಾರಿನ ಬಾನೆಟ್ಟಿನಿಂದ ಬುಸ್ ಅಂತ ಹಬೆ ಬರುವಾಗ. ಇಂಜಿನ್ನಿನ ಮೇಲಿನ ಭಾಗಕ್ಕೆ ಗ್ಯಾರೇಜಿನವರು "ಹೆಡ್ಡು" ಅಂತಲೇ ಹೇಳುದು. ಅವತ್ತು ಬೆಚ್ಚ ಆದದ್ದೂ ಅದೇ, ಸೊಟ್ಟ ಆದದ್ದೂ ಅದೇ.

ಆ ಮೇಲೆ ಹತ್ತು ದಿನ ನಮ್ಮ ಬನ್ನಂಜೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಇಂಜಿನ್ ರಿಪೇರಿ ಮಾಡಿಸುದಾ, ಬೇರೆ ಇಂಜಿನ್ ಹಾಕಿಸುದಾ, ಇಲ್ಲ ಕಾರನ್ನೇ ಗುಜರಿಗೆ ಕೊಟ್ಟು ಹೊಸತು ತಗೊಳ್ಳುದಾ? ಮನೆಗೆ ಬಂದವರಿಗೆಲ್ಲ ಒಂದೊಂದು ಅಭಿಪ್ರಾಯ. ಹಾಲಿನವನಿಗೂ ಇತ್ತು. ಈಗ ನನ್ನದೂ ಒಂದು ಉಂಟು, ಅದನ್ನು ಹೇಳ್ಲಿಕ್ಕೇ ಇದು ಬರೆಯುದು. ಬಿಚ್ಚಿ ಅಳತೆ ಮಾಡುವ ಮೊದಲು ಯಾರು "ಇಂಜಿನ್ ಚೇಂಜ್" ಅಂದ್ರೂ ತಲೆ ಆಡಿಸಬೇಡಿ. ಯಾರು "ಒಂದು ಗ್ಯಾಸ್ಕೆಟ್ ಹಾಕಿದ್ರೆ ಸಾಕು" ಅಂದ್ರೂ ತಲೆ ಆಡಿಸಬೇಡಿ. ಮತ್ತೆ, ಬಿಸಿ ಆದ ಮೇಲೆ ಎಷ್ಟು ದೂರ ಓಡಿಸಿದ್ದು ಅಂತ ಗ್ಯಾರೇಜಿನಲ್ಲಿ ಸತ್ಯ ಹೇಳಿ. ಮೊದಲನೆಯದಕ್ಕೆ ಸ್ವಲ್ಪ ದುಡ್ಡು ಬೇಕು. ಎರಡನೆಯದಕ್ಕೆ ದುಡ್ಡು ಬೇಡ, ಆದ್ರೆ ನಮ್ಮ ಮನೆಯಲ್ಲಿ ಅದೇ ಜಾಸ್ತಿ ಕಷ್ಟ ಆದದ್ದು.

ಆದದ್ದು ಇಷ್ಟು. ನನ್ನ ತವರು ತೀರ್ಥಹಳ್ಳಿಯಿಂದ ಆಚೆ. ಚಿಕ್ಕಪ್ಪನ ಮಗಳ ಮದುವೆ. ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಅತ್ತೆ ತುಂಬಿಸಿದ ತೆಂಗಿನಕಾಯಿ, ಮಾವಿನಹಣ್ಣು, ಒಂದು ಹಲಸಿನ ಹಣ್ಣು. ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಅಲ್ಲಿಯವರೆಗೆ ಎಂತ ತೊಂದರೆ ಇಲ್ಲ. ಸೋಮೇಶ್ವರ ದಾಟಿ ಘಾಟಿ ಶುರು ಆದ ಮೇಲೆ ಮೂರನೇ ತಿರುವಿನಲ್ಲಿ ಬಿಸಿ ತೋರಿಸುವ ಮುಳ್ಳು ಅರ್ಧಕ್ಕಿಂತ ಮೇಲೆ ಹೋಯ್ತು. ಎಸಿ ಬಂದ್ ಮಾಡಿದೆವು. ಏಳನೇ ತಿರುವಿಗೆ ಮುಳ್ಳು ಕೆಂಪಿಗೆ ಮುಟ್ಟಿತು. ನಾನು "ನಿಲ್ಲಿಸಿ ಮಾರಾಯ್ರೆ" ಅಂದೆ. ಇವರು "ಇಲ್ಲಿ ನಿಲ್ಲಿಸ್ಲಿಕ್ಕೆ ಜಾಗ ಎಲ್ಲುಂಟು? ಹಿಂದೆ ಬಸ್ಸು ಬರ್ತಾ ಉಂಟು. ಇನ್ನು ಚೂರು, ಮೇಲೆ ಹೋಗಿ ನಿಲ್ಲಿಸುವ" ಅಂದ್ರು. ಆ ಘಾಟಿಯಲ್ಲಿ ಹದಿನಾಲ್ಕು ತಿರುವು. ಹನ್ನೊಂದನೆಯದ್ದರಲ್ಲಿ ಹಬೆ ಎದ್ದಿತು, ಗಾಡಿ ತನ್ನಷ್ಟಕ್ಕೆ ನಿಂತಿತು. ಅಂದ್ರೆ ಕೆಂಪಿನಲ್ಲಿ ನಾಲ್ಕು ತಿರುವು. ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ.

ಮದುವೆಗೆ ನಾವು ಬೇರೆ ಯಾರದ್ದೋ ಜೀಪಿನಲ್ಲಿ ಹೋದದ್ದು, ಕಾರು ಟೋಯಿಂಗ್ ಗಾಡಿಯಲ್ಲಿ ಉಡುಪಿಗೆ ಇಳಿದದ್ದು.

ಮೊದಲು ಹೋದದ್ದು ಒಂದು ದೊಡ್ಡ ವರ್ಕ್‌ಶಾಪಿಗೆ. ಅಲ್ಲಿ ಎಸಿ ರೂಮಿನಲ್ಲಿ ಕೂರಿಸಿ, ಕಾಫಿ ಕೊಟ್ಟು, ಅರ್ಧ ಗಂಟೆಯಲ್ಲಿ ಒಂದು ಕಾಗದ ಕೊಟ್ರು: ಇಂಜಿನ್ ಪೂರ ಬದಲಿಸಬೇಕು, 1,15,000 ರೂಪಾಯಿ. ಬಾನೆಟ್ಟು ತೆಗೆದು ಇಣುಕಿ ನೋಡಿದ್ದು ಬಿಟ್ರೆ ಒಂದು ಬೋಲ್ಟನ್ನೂ ಅವರು ಸಡಿಲಿಸಿರಲಿಲ್ಲ. "ಹೀಟ್ ಆದ ಇಂಜಿನ್ ರಿಪೇರಿ ಮಾಡಿದ್ರೆ ಗ್ಯಾರಂಟಿ ಕೊಡ್ಲಿಕ್ಕೆ ಆಗುದಿಲ್ಲ ಮೇಡಂ" ಅಂದ್ರು. ಅವರ ದೃಷ್ಟಿಯಲ್ಲಿ ಅದು ತಪ್ಪು ಅಂತ ನಾನು ಹೇಳುದಿಲ್ಲ. ಬದಲಿಸಿದ್ರೆ ಅವರಿಗೆ ತಲೆಬಿಸಿ ಇಲ್ಲ. ಆದ್ರೆ ಅವರ ತಲೆಬಿಸಿ ಕಮ್ಮಿ ಮಾಡ್ಲಿಕ್ಕೆ ನಾವು ಯಾಕೆ ಲಕ್ಷ ಕೊಡುದು?

ಎರಡನೇ ಅಭಿಪ್ರಾಯ ಇವರ ಪರಿಚಯದವರದ್ದು. ಗುಜರಿಗೆ ಹೋದ ಅದೇ ಮಾಡೆಲ್ ಕಾರಿನ ಇಂಜಿನ್ ಸಿಗ್ತದೆ, ಕೂರಿಸಿ ಕೊಡ್ಲಿಕ್ಕೆ ಸೇರಿ 45,000. ಮೂರನೆಯದ್ದು ಮಣಿಪಾಲದಲ್ಲಿರುವ ನನ್ನ ಭಾವನದ್ದು: "ಹತ್ತು ವರ್ಷ ಆದ ಗಾಡಿ, 86 ಸಾವಿರ ಕಿಲೋಮೀಟರ್ ಓಡಿದೆ, ಸರಿ ಇದ್ರೂ ಒಂದೂ ಮುಕ್ಕಾಲು ಲಕ್ಷ ಬಂದ್ರೆ ದೊಡ್ಡದು. ಅದಕ್ಕೆ ದುಡ್ಡು ಸುರಿಯುದಾ? ಕೊಟ್ಟುಬಿಡಿ, ಹೊಸತು ತಗೊಳ್ಳಿ."

ನಮ್ಮ ಹತ್ತಿರ ಆಗ ಇದ್ದದ್ದು ನಲವತ್ತು ಸಾವಿರ. ಅದು ಕಾರಿಗೆ ಇಟ್ಟದ್ದಲ್ಲ, ಮಾಡಿಗೆ ಇಟ್ಟದ್ದು. ನಮ್ಮದು ಹಂಚಿನ ಮನೆ. ಅಡುಗೆಕೋಣೆಯ ಮೇಲೆ ಎರಡು ಮೂರು ಪಕ್ಕಾಸು ಹಾಳಾಗಿ, ಹಿಂದಿನ ಮಳೆಗಾಲದಲ್ಲಿ ಒಲೆಯ ಪಕ್ಕ ಪಾತ್ರೆ ಇಟ್ಟು ನೀರು ಹಿಡಿದದ್ದು. ಜೂನ್ ಬರ್ಲಿಕ್ಕೆ ಮೂರು ವಾರ. ಉಡುಪಿಯ ಮಳೆ ಯಾರ ಇಂಜಿನ್ನಿಗೂ ಕಾಯುದಿಲ್ಲ. ಅತ್ತೆಗೆ ಮೊಣಕಾಲು ನೋವು, ತಿಂಗಳಿಗೆ ಎರಡು ಸರ್ತಿ ಮಣಿಪಾಲಕ್ಕೆ ಹೋಗ್ಲಿಕ್ಕುಂಟು. ಆದ್ರೂ ಅವರು ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದ್ರು, "ಕಾರು ಇಲ್ಲದೆ ನಾವು ಬದುಕ್ಲಿಲ್ವಾ? ರಿಕ್ಷಾದಲ್ಲಿ ಹೋಗುವ. ನಿಮಗೆ ಬೇಕೇ ಬೇಕಾದ್ರೆ ನನ್ನ ಬಳೆ ಉಂಟು." ಆ ಬಳೆ ಮಾತು ಕೇಳಿದ ಮೇಲೆ ಇವರಿಗೂ ನನಗೂ ಅನ್ನ ಇಳಿಯಲಿಲ್ಲ.

ಮರುದಿನ ಮಾಡು ನೋಡ್ಲಿಕ್ಕೆ ಆಚಾರಿ ಬಂದ್ರು. ಖರ್ಚು ಎಷ್ಟಾಗಬಹುದು ಅಂತ ನಾನು ಕೆಳಗಿಂದಲೇ ಕೇಳಿದೆ. ಅವರು ಮೇಲೆ ನೋಡಿ, "ಅಕ್ಕಾ, ಹಂಚು ತೆಗೆಯದೆ ಹೇಳಿದ್ರೆ ಅದು ಸುಳ್ಳು. ಎರಡು ಪಕ್ಕಾಸು ಹೋಗಿರಬಹುದು, ಹತ್ತೂ ಹೋಗಿರಬಹುದು. ಗೋಡೆ ಗಟ್ಟಿ ಉಂಟಲ್ಲ, ಅಷ್ಟು ಧೈರ್ಯ ಹೇಳ್ತೇನೆ" ಅಂದ್ರು. ನನಗೆ ಕೂಡಲೇ ಕಾರು ನೆನಪಾಯ್ತು. ಅರ್ಧ ಗಂಟೆಯಲ್ಲಿ ಲಕ್ಷದ ಕಾಗದ ಕೊಟ್ಟವರು ಹಂಚು ತೆಗೆದಿರಲಿಲ್ಲ ಅಲ್ವಾ?

ಹಾಗೆ ನಾವು ನಾಲ್ಕನೆಯವರ ಹತ್ತಿರ ಹೋದದ್ದು. ಸಣ್ಣ ಗ್ಯಾರೇಜು, ತಗಡಿನ ಮಾಡು, ಒಬ್ಬ ಮೆಕ್ಯಾನಿಕ್, ಇಬ್ಬರು ಹುಡುಗರು. ಅವರು ರೇಟು ಹೇಳ್ಲೇ ಇಲ್ಲ. ಮೊದಲು ಕೇಳಿದ್ದು, "ಮುಳ್ಳು ಕೆಂಪಿಗೆ ಹೋದ ಮೇಲೆ ಎಷ್ಟು ಓಡಿಸಿದ್ದು?"

ಇವರು ಹೇಳಿದ್ರು, "ಇಲ್ಲ, ಕೂಡಲೇ ನಿಲ್ಲಿಸಿದೆ."

ನಾನು ಸುಮ್ಮನೆ ನಿಂತೆ. ಗಂಡನನ್ನು ನಾಲ್ಕು ಜನರ ಎದುರು ಸುಳ್ಳು ಮಾಡುದು ಹೇಗೆ? ಮೆಕ್ಯಾನಿಕ್ ಕೈ ಒರೆಸಿಕೊಳ್ತಾ ಹೇಳಿದ್ರು, "ಸಾರ್, ನಾನು ಬೈಲಿಕ್ಕೆ ಕೇಳುದಲ್ಲ. ಕೂಡಲೇ ನಿಲ್ಲಿಸಿದ್ದಾದ್ರೆ ನಾನು ಮೇಲಿನದ್ದು ಮಾತ್ರ ನೋಡ್ತೇನೆ. ಓಡಿಸಿದ್ದಾದ್ರೆ ಕೆಳಗಿನದ್ದೂ ನೋಡ್ಬೇಕಾಗ್ತದೆ. ನೀವು ಈಗ ಹೇಳದಿದ್ರೆ ಆರು ತಿಂಗಳು ಕಳೆದು ಇಂಜಿನ್ನೇ ಹೇಳ್ತದೆ." ಆಗ ಇವರು ನೆಲ ನೋಡಿಕೊಂಡು, "ನಾಲ್ಕು ತಿರುವು" ಅಂದ್ರು. ಡಾಕ್ಟರ ಹತ್ತಿರ ಸಕ್ಕರೆ ತಿನ್ನುದಿಲ್ಲ ಅಂತ ಹೇಳುವವರಿಗೂ ಇದಕ್ಕೂ ಎಂತ ವ್ಯತ್ಯಾಸ ಇಲ್ಲ.

ಯಾಕೆ ಆ ಪ್ರಶ್ನೆ ಅಷ್ಟು ಮುಖ್ಯ ಅಂತ ನನಗೆ ಆಮೇಲೆ ಅರ್ಥ ಆಯ್ತು. ಇಂಜಿನ್ ಸರಿ ಇರುವಾಗ ಅದರೊಳಗಿನ ಕೂಲೆಂಟ್ ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ ಇರ್ತದೆ. ಬರೀ ನೀರು 100ಕ್ಕೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲೆ ತಗೊಂಡು ಹೋಗ್ತದೆ, ನಮ್ಮ ಕುಕ್ಕರಿನ ಹಾಗೆ. ಘಾಟಿಯಲ್ಲಿ ಇಂಜಿನ್ನಿಗೆ ಭಾರ ಜಾಸ್ತಿ, ವೇಗ ಕಮ್ಮಿ, ಆದ್ದರಿಂದ ಎದುರಿನ ಗಾಳಿಯೂ ಕಮ್ಮಿ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ರೆ ಊರೊಳಗೆ ಹೇಗೋ ನಡೆಯುತ್ತದೆ, ಘಾಟಿಯಲ್ಲಿ ಗುಟ್ಟು ರಟ್ಟಾಗ್ತದೆ.

ಬಿಸಿ ಮಿತಿ ಮೀರಿದಾಗ ಮೊದಲು ಪೆಟ್ಟು ತಿನ್ನುದು ಹೆಡ್ಡು. ಅದು ಅಲ್ಯೂಮಿನಿಯಂ. ನಮ್ಮ ಕಾರಿನಲ್ಲಿ ಅದರ ಕೆಳಗಿನ ಬ್ಲಾಕ್ ಬೀಡುಕಬ್ಬಿಣ. ಅದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಎರಡನ್ನೂ ಬೋಲ್ಟು ಹಾಕಿ ಬಿಗಿದಿರುವಾಗ ಹಿಗ್ಗಲಿಕ್ಕೆ ಜಾಗ ಎಲ್ಲುಂಟು? ಹೆಡ್ಡು ಬಗ್ಗುತ್ತದೆ, ನಡುವಿನ ಗ್ಯಾಸ್ಕೆಟ್ ಸುಡುತ್ತದೆ. ಅಲ್ಲಿಗೆ ನಿಲ್ಲಿಸಿದ್ರೆ ಮಾಡು ಮಾತ್ರ ಹೋದ ಹಾಗೆ. ಓಡಿಸುತ್ತಾ ಹೋದ್ರೆ ಒಳಗೆ ಎಣ್ಣೆ ತೆಳುವಾಗಿ, ಪಿಸ್ಟನ್ ಸಿಲಿಂಡರಿಗೆ ಉಜ್ಜಿ ಗೀರು ಬೀಳ್ತದೆ, ರಿಂಗು ಬಲ ಕಳೆದುಕೊಳ್ಳುತ್ತದೆ, ಕಡೆಗೆ ಇಂಜಿನ್ ಸೀಜ್. ಅದು ಗೋಡೆ ಬಿರಿದ ಹಾಗೆ. ಮಾಡಿಗೂ ಗೋಡೆಗೂ ಒಂದೇ ರೇಟು ಅಲ್ಲ.

ಮೆಕ್ಯಾನಿಕ್ ಮಾಡಿದ ಪರೀಕ್ಷೆಗಳನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮಗೆ ಇಂಥ ಗತಿ ಬಂದ್ರೆ ಕೇಳ್ಲಿಕ್ಕೆ ಗೊತ್ತಿರಲಿ.

ಮೊದಲು ಎಣ್ಣೆ ನೋಡಿದ್ರು. ಇಂಜಿನ್ ಆಯಿಲಿಗೆ ಕೂಲೆಂಟ್ ಸೇರಿದ್ರೆ ಅದು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬರ್ತದೆ, ಮುಚ್ಚಳದ ಒಳಗೆ ಬೆಣ್ಣೆ ಮೆತ್ತಿದ ಹಾಗೆ ಕಾಣ್ತದೆ. ಹಾಗಾದ್ರೆ ಬೇರಿಂಗಿಗೆ ಅಪಾಯ. ನಮ್ಮದರಲ್ಲಿ ಎಣ್ಣೆ ಕಪ್ಪು ಇತ್ತು, ಆದ್ರೆ ಹಾಲು ಆಗಿರಲಿಲ್ಲ. ಆಮೇಲೆ ಇಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿದ್ರು. ತಿರುಗಿತು. ಸೀಜ್ ಆಗಿಲ್ಲ.

ಮತ್ತೆ ಕಂಪ್ರೆಷನ್ ಪರೀಕ್ಷೆ. ಸ್ಪಾರ್ಕ್ ಪ್ಲಗ್ ತೆಗೆದು ಅದರ ಜಾಗದಲ್ಲಿ ಒಂದು ಮೀಟರ್ ತಿರುಪಿ, ಸೆಲ್ಫ್ ಹೊಡೆದು ಒತ್ತಡ ನೋಡುದು. ನಾಲ್ಕು ಸಿಲಿಂಡರಿನಲ್ಲಿ ಎರಡು ಕಡೆಯವು 170 ಪಿಎಸ್‌ಐ ಹತ್ತಿರ ತೋರಿಸಿದವು, ಮಧ್ಯದ ಎರಡು 90ರ ಹತ್ತಿರ. ಆಗ ಅವರು ಮಧ್ಯದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಪುನಃ ನೋಡಿದ್ರು. ರಿಂಗು ಹೋಗಿದ್ರೆ ಎಣ್ಣೆ ಸಂದು ಮುಚ್ಚಿ ಸಂಖ್ಯೆ ಮೇಲೆ ಬರ್ಬೇಕು. ಬರಲಿಲ್ಲ. ಪಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದದ್ದು ಅಂದ್ರೆ ಅವುಗಳ ನಡುವಿನ ಗ್ಯಾಸ್ಕೆಟ್ ಹೋಗಿರುವ ಲಕ್ಷಣ. "ಈಗ ಹೆಡ್ಡು ಬಿಚ್ಚುವ" ಅಂದ್ರು. ಬಿಚ್ಚಿ ನೋಡ್ಲಿಕ್ಕೆ 4,000 ರೂಪಾಯಿ, ಕೆಲಸ ಅಲ್ಲೇ ಮಾಡಿಸಿದ್ರೆ ಕೂಲಿಯಲ್ಲಿ ಸೇರ್ತದೆ, ಬೇಡ ಅಂದ್ರೆ ಅಷ್ಟು ಕೊಟ್ಟು ಕಾರು ಎತ್ತಿಕೊಂಡು ಹೋಗುದು. ಆ ನಾಲ್ಕು ಸಾವಿರ ನಾವು ಕಾರಿಗೆ ಕೊಟ್ಟ ದುಡ್ಡಿನಲ್ಲೆಲ್ಲ ಒಳ್ಳೆಯ ದುಡ್ಡು ಅಂತ ನಾನು ಈಗಲೂ ಹೇಳುದು.

ಬಿಚ್ಚಿದ ದಿನ ನನ್ನನ್ನೂ ಕರೆಸಿ ತೋರಿಸಿದ್ರು. ಹೆಡ್ಡನ್ನು ತಲೆಕೆಳಗೆ ಇಟ್ಟು, ಅದರ ಮೇಲೆ ನೇರ ಪಟ್ಟಿ ಇಟ್ಟು, ಸಂದಿನಲ್ಲಿ ಫೀಲರ್ ಗೇಜಿನ ತೆಳು ತಗಡು ತೂರಿಸಿ ನೋಡುದು. 0.12 ಮಿಲಿಮೀಟರಿನ ತಗಡು ಹೋಯ್ತು. ಇಂಥ ಇಂಜಿನ್ನಿಗೆ 0.05 ಮಿಲಿಮೀಟರಿನ ಆಸುಪಾಸೇ ಮಿತಿ ಅಂತೆ. ನಮ್ಮ ತಲೆಯ ಕೂದಲಿನ ದಪ್ಪಕ್ಕೆ ಹತ್ತಿರದ ಲೆಕ್ಕ ಇದು. ಒಂದು ಕೂದಲು, ಎರಡು ಕೂದಲು ಅಂತ ಇಡೀ ಇಂಜಿನ್ನಿನ ಹಣೆಬರಹ! ಆದ್ರೆ ಅಷ್ಟು ಬಗ್ಗಿದ್ದನ್ನು ಲೇತಿನವರಲ್ಲಿ ಫೇಸಿಂಗ್ ಮಾಡಿಸಿ ಸಮ ಮಾಡ್ಲಿಕ್ಕೆ ಆಗ್ತದೆ. ತುಂಬಾ ಬಗ್ಗಿದ್ರೆ ಆಗುದಿಲ್ಲ. ಜಾಸ್ತಿ ಕೆತ್ತಿದ್ರೆ ಕಂಪ್ರೆಷನ್ ಏರ್ತದೆ, ವಾಲ್ವು ಹೋಗಿ ಪಿಸ್ಟನ್ನಿಗೆ ತಾಗಬಹುದು. ಹೆಡ್ಡಿನಲ್ಲಿ ಬಿರುಕು ಉಂಟಾ ಅಂತ ಒತ್ತಡ ಹಾಕಿ ನೋಡಿದ್ರು, ಇರಲಿಲ್ಲ. ಸಿಲಿಂಡರಿನ ಒಳಗೋಡೆಗೆ ಟಾರ್ಚು ಹಾಕಿ ತೋರಿಸಿದ್ರು. ಉಗುರಿಗೆ ಸಿಕ್ಕುವಂಥ ಗೀರು ಇರಲಿಲ್ಲ. "ನಾಲ್ಕು ತಿರುವಿಗೆ ಇಷ್ಟೇ ಆದದ್ದು ನಿಮ್ಮ ಪುಣ್ಯ" ಅಂದ್ರು.

ಲೆಕ್ಕ ಹೀಗೆ ಬಂತು: ರೇಡಿಯೇಟರ್ 5,200, ವಾಟರ್ ಪಂಪ್ 2,300, ಥರ್ಮೋಸ್ಟಾಟ್ 900, ಗ್ಯಾಸ್ಕೆಟ್ ಸೆಟ್ಟು 3,800, ಹೆಡ್ ಬೋಲ್ಟು 1,200, ಲೇತಿನ ಕೆಲಸ 4,000, ಆಯಿಲು, ಫಿಲ್ಟರು, ಕೂಲೆಂಟು 3,600, ಕೂಲಿ 9,000. ಒಟ್ಟು ಮೂವತ್ತು ಸಾವಿರ. ಮಾಡಿನ ದುಡ್ಡಿನಲ್ಲಿ ಹತ್ತು ಉಳಿಯಿತು. ಅದರಲ್ಲಿ ಆಚಾರಿ ಅಡುಗೆಕೋಣೆಯ ಮೇಲಿನದ್ದು ಮಾತ್ರ ಸರಿಮಾಡಿ ಕೊಟ್ರು, ಚಾವಡಿಯದ್ದು ಮರುವರ್ಷಕ್ಕೆ ಹೋಯ್ತು.

ಈಗ ವಾದಕ್ಕೆ ಬರುವ. ಭಾವ ಹೇಳಿದ ಮಾತು ನೀವೂ ಕೇಳಿರ್ತೀರಿ: ಕಾರಿನ ರೇಟಿಗೆ ಹೋಲಿಸಿದ್ರೆ ರಿಪೇರಿ ಜಾಸ್ತಿ, ಕೊಟ್ಟುಬಿಡಿ. ಕೇಳ್ಲಿಕ್ಕೆ ಬುದ್ಧಿವಂತಿಕೆ ತರ ಕಾಣ್ತದೆ. ಆದ್ರೆ ಹೋಲಿಕೆಯೇ ತಪ್ಪು. ಕಾರು ಮಾರುವವರಿಗೆ ಕಾರಿನ ರೇಟು ಮುಖ್ಯ. ನಾವು ಮಾರುವವರಲ್ಲ, ಓಡಿಸುವವರು. ನಾವು ಕೇಳ್ಬೇಕಾದ್ದು, ಅದೇ ಮೂವತ್ತು ಸಾವಿರಕ್ಕೆ ಬೇರೆ ಎಂತ ಸಿಗ್ತದೆ ಅಂತ. ಆ ದುಡ್ಡಿಗೆ ಓಡುವ ಕಾರು ಸಿಗುದಿಲ್ಲ. ಹೊಸ ಕಾರಿಗೆ ಆರು ಲಕ್ಷ ಸಾಲ ಮಾಡಿದ್ರೆ, ಶೇಕಡಾ 9ರ ಬಡ್ಡಿಗೆ ಐದು ವರ್ಷ, ತಿಂಗಳಿಗೆ ಹೆಚ್ಚುಕಡಿಮೆ 12,450 ಕಂತು. ಬಡ್ಡಿಯೇ 1,47,000 ದಾಟುತ್ತದೆ. ಅಂದ್ರೆ ದೊಡ್ಡ ವರ್ಕ್‌ಶಾಪಿನವರು ಹೇಳಿದ ಹೊಸ ಇಂಜಿನ್ನಿಗಿಂತಲೂ ಬಡ್ಡಿ ಜಾಸ್ತಿ! ಇದನ್ನು ನಾನು ಮಗಳ ಕ್ಯಾಲ್ಕುಲೇಟರಿನಲ್ಲಿ ಮಾಡಿ ಭಾವನಿಗೆ ತೋರಿಸಿದೆ. ಅವರು "ಅದು ಹೌದು, ಆದ್ರೆ ಹೊಸ ಕಾರು ಹೊಸ ಕಾರೇ ಅಲ್ವಾ" ಅಂದ್ರು. ಅದಕ್ಕೆ ಉತ್ತರ ಇಲ್ಲ. ಆಸೆಗೆ ಹೊಸ ಕಾರು ಬೇಕಾದ್ರೆ ಧಾರಾಳ ತಗೊಳ್ಳಲಿ, ಇಂಜಿನ್ನಿನ ಮೇಲೆ ದೂರು ಹಾಕಬಾರದು ಅಷ್ಟೆ.

ಇನ್ನೊಂದು ಮಾತು. ಇಂಜಿನ್ ಬದಲಿಸಿದ್ರೆ ಕಾಯಿಲೆ ಹೋಯ್ತು ಅಂತ ಅಂದುಕೊಳ್ಳುವವರು ತುಂಬಾ ಜನ. ಇಂಜಿನ್ ಸುಮ್ಮನೆ ಬಿಸಿ ಆಗುದಿಲ್ಲ. ರೇಡಿಯೇಟರ್ ಕಟ್ಟಿರಬೇಕು, ಫ್ಯಾನು ತಿರುಗದಿರಬೇಕು, ಪಂಪು ಸೋರಬೇಕು, ಥರ್ಮೋಸ್ಟಾಟ್ ತೆರೆಯದಿರಬೇಕು, ಪೈಪು ಒಡೆದಿರಬೇಕು. ಆ ಕಾರಣ ಹುಡುಕದೆ ಲಕ್ಷದ ಇಂಜಿನ್ ಕೂರಿಸಿದ್ರೆ, ಅದೇ ಕಟ್ಟಿದ ರೇಡಿಯೇಟರಿಗೆ ಹೊಸ ಇಂಜಿನ್ನನ್ನು ಬಲಿ ಕೊಟ್ಟ ಹಾಗೆ. ಹಾಗಾಗಿ ರಿಪೇರಿ ಆಗಲಿ, ಬದಲಿ ಆಗಲಿ, "ಯಾಕೆ ಬಿಸಿ ಆಯ್ತು?" ಅಂತ ಕೇಳಿ. ಉತ್ತರ ಬರದಿದ್ರೆ ದುಡ್ಡು ಕೊಡಬೇಡಿ.

ನಮ್ಮದು ಯಾಕೆ ಬಿಸಿ ಆಯ್ತು? ಇಲ್ಲಿಯವರೆಗೆ ಇವರ ನಾಲ್ಕು ತಿರುವಿನ ಕತೆ ಹೇಳಿದೆ, ಈಗ ನನ್ನದು. ಮೆಕ್ಯಾನಿಕ್ ಹಳೆ ರೇಡಿಯೇಟರನ್ನು ಬಗ್ಗಿಸಿದಾಗ ಬಂದದ್ದು ಕೆಂಪು ಕೆಸರು. "ಇದಕ್ಕೆ ಯಾರು ನೀರು ಹಾಕುದು?" ಅಂದ್ರು. ಎರಡು ವರ್ಷದಿಂದ ಹಾಕ್ತಾ ಇದ್ದದ್ದು ನಾನೇ. ಡಬ್ಬಿಯಲ್ಲಿ ಚೂರು ಕಮ್ಮಿ ಕಂಡ್ರೆ ಬಾವಿಯಿಂದ ಒಂದು ಚೆಂಬು ನೀರು ತಂದು ಹೊಯ್ಯುದು. ತುಳಸಿಗೆ ಹಾಕಿದ ಹಾಗೆ. ನಮ್ಮ ಬಾವಿ ನೀರು ಕುಡಿಯಲಿಕ್ಕೆ ಸಿಹಿ, ಕಾರಿಗೆ ಯಾಕೆ ಆಗಬಾರದು ಅಂತ. ನಮ್ಮದು ಮುರಕಲ್ಲಿನ ನೆಲ, ನೀರಿನಲ್ಲಿ ಕಬ್ಬಿಣದ ಅಂಶ, ಲವಣ ಇರ್ತದೆ. ಕೂಲೆಂಟಿನಲ್ಲಿ ತುಕ್ಕು ಹಿಡಿಯದ ಹಾಗೆ ಮಾಡುವ ಮದ್ದು ಉಂಟು, ಅದು ಬರೀ ನೀರಿಗಿಂತ ಹೆಚ್ಚು ಬಿಸಿಗೆ ಕುದಿಯುದು. ಚೆಂಬು ಚೆಂಬು ನೀರು ಹೊಯ್ದು ನಾನು ಆ ಮದ್ದನ್ನು ತೆಳು ಮಾಡಿ ಮಾಡಿ ಬರೀ ನೀರಿನ ಹತ್ತಿರಕ್ಕೆ ತಂದದ್ದು. ಇನ್ನೂ ದೊಡ್ಡ ತಪ್ಪು, ಮುಚ್ಚಿದ ವ್ಯವಸ್ಥೆಯಲ್ಲಿ ನೀರು ಯಾಕೆ ಕಮ್ಮಿ ಆಗ್ತದೆ ಅಂತ ಒಂದು ದಿನವೂ ಯೋಚನೆ ಮಾಡದ್ದು. ಪಂಪಿನ ಹತ್ತಿರ ಸಣ್ಣಕ್ಕೆ ಸೋರ್ತಾ ಇತ್ತಂತೆ. ಆವತ್ತು ಮನೆಗೆ ಬರುವಾಗ ಇವರು ಒಂದು ಮಾತೂ ಹೇಳ್ಲಿಲ್ಲ. ನಾನೂ ನಾಲ್ಕು ತಿರುವಿನ ಮಾತು ಆಮೇಲೆ ಎತ್ತಲಿಲ್ಲ. ಲೆಕ್ಕ ಸರಿಯಾಯ್ತು.

ಹಾಗಂತ ಯಾವಾಗಲೂ ರಿಪೇರಿಯೇ ಸರಿ ಅಂತ ನಾನು ಹೇಳುದಿಲ್ಲ. ನಮ್ಮ ಓಣಿಯಲ್ಲೇ ಒಬ್ಬರು ಕಾರ್ಕಳದಿಂದ ಬರುವಾಗ ಮುಳ್ಳು ಮೇಲೆ ಹೋಯ್ತಂತೆ. ಸ್ವಲ್ಪ ಹೊತ್ತಿನಲ್ಲಿ ತನ್ನಷ್ಟಕ್ಕೆ ಕೆಳಗೆ ಬಂತಂತೆ. "ಸರಿಯಾಯ್ತು" ಅಂತ ಅವರು ಓಡಿಸಿಕೊಂಡು ಬಂದ್ರು. ಸರಿಯಾದದ್ದಲ್ಲ ಅದು. ಬಿಸಿ ಅಳೆಯುವ ಸೆನ್ಸರ್ ನೀರಿನೊಳಗೆ ಮುಳುಗಿರಬೇಕು. ನೀರು ಪೂರ ಖಾಲಿ ಆದ ಮೇಲೆ ಅದಕ್ಕೆ ಅಳೆಯಲಿಕ್ಕೆ ಎಂತ ಉಂಟು? ಮುಳ್ಳು ಕೆಳಗೆ ಬಿದ್ದದ್ದೇ ದೊಡ್ಡ ಅಪಾಯದ ಸೂಚನೆ. ಅವರ ಇಂಜಿನ್ ಉಡುಪಿ ಮುಟ್ಟುವ ಮೊದಲೇ ಸೀಜ್ ಆಯ್ತು. ಬಿಚ್ಚಿ ನೋಡಿದ್ರೆ ಮೂರು ಸಿಲಿಂಡರಿನಲ್ಲಿ ಗೀರು, ಬೇರಿಂಗು ಸುಟ್ಟು ಹೋಗಿತ್ತು. ಅಲ್ಲಿ ಬದಲಿಸಿದ್ದೇ ಸರಿ. ಬೋರ್ ಮಾಡಿ, ಪಿಸ್ಟನ್ ರಿಂಗು ಹಾಕಿ, ಕ್ರ್ಯಾಂಕ್ ತಿರುವಿ, ಹೆಡ್ಡನ್ನೂ ಸರಿಮಾಡಿಸುವ ಖರ್ಚು ಬೇರೆ ಇಂಜಿನ್ನಿನ ಖರ್ಚಿಗೆ ಹತ್ತಿರ ಬರ್ತದೆ.

ನನ್ನ ಪ್ರಕಾರ ರಿಪೇರಿ ಬಿಟ್ಟುಬಿಡಬೇಕಾದ್ದು ಮೂರು ಸಂದರ್ಭದಲ್ಲಿ. ಒಂದು, ಬ್ಲಾಕ್ ಬಿರಿದಿದ್ರೆ ಅಥವಾ ಕೆಳಗಿನ ಭಾಗ ಪೂರ ಹೋಗಿದ್ರೆ. ಎರಡು, ಕಾರಿನ ದೇಹವೇ ಕರಗುತ್ತಾ ಇದ್ರೆ. ನಮ್ಮದು ಕಡಲತೀರ, ಮಲ್ಪೆಯ ಗಾಳಿ ಬನ್ನಂಜೆಗೆ ಬಾರದೆ ಇರುದಿಲ್ಲ. ಉಪ್ಪುಗಾಳಿ, ಮಳೆ ಎರಡೂ ಸೇರಿ ಕಾರಿನ ತಳವನ್ನು ತಿನ್ನುತ್ತವೆ. ಕಾಲಡಿಯ ಮ್ಯಾಟು ಎತ್ತಿ ನೋಡಿ. ಸ್ಕ್ರೂಡ್ರೈವರಿನಲ್ಲಿ ಚುಚ್ಚಿದ್ರೆ ತೂತು ಬಿದ್ರೆ ಅಂಥ ಕಾರಿಗೆ ಯಾವ ಇಂಜಿನ್ನೂ ಬೇಡ. ಮೂರು, 15 ವರ್ಷ ಹತ್ತಿರ ಬಂದಿದ್ರೆ. ಆಗ ಎಫ್‌ಸಿ, ನೋಂದಣಿ ನವೀಕರಣ ಎಲ್ಲ ಆಗ್ಬೇಕು. 2022ರ ಏಪ್ರಿಲ್‌ನಿಂದ ಆ ನವೀಕರಣದ ಶುಲ್ಕವೇ 600ರಿಂದ 5,000 ರೂಪಾಯಿಗೆ ಏರಿದೆ. ನಮ್ಮ ಕಾರಿಗೆ ಆಗ ಐದು ವರ್ಷ ಬಾಕಿ ಇತ್ತು, ತಳ ಗಟ್ಟಿ ಇತ್ತು.

ಗುಜರಿ ಇಂಜಿನ್ ಹಾಕಿಸುವವರಿಗೆ ಒಂದು ಎಚ್ಚರಿಕೆ. ಆ ಇಂಜಿನ್ ಯಾವ ಕಾರಿನದ್ದು, ಆ ಕಾರಿಗೆ ಎಂತ ಆಗಿತ್ತು, ಅದೂ ಬಿಸಿ ಆಗಿಯೇ ಸತ್ತದ್ದಾ ಅಂತ ಯಾರಿಗೆ ಗೊತ್ತು? ಕೂರಿಸುವ ಮೊದಲು ಅದಕ್ಕೂ ಕಂಪ್ರೆಷನ್ ನೋಡಿಸಿ. ಬಿಲ್ಲು ಇಲ್ಲದೆ ತಗೊಳ್ಳಬೇಡಿ. ಆರ್‌ಸಿಯಲ್ಲಿ ಇಂಜಿನ್ ನಂಬರ್ ಬರೆದಿರ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಜಿನ್ ಬದಲಿಸಿದ್ದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ದಾಖಲಿಸಬೇಕು. ಅದು ಮಾಡದಿದ್ರೆ ನಾಳೆ ಮಾರುವಾಗ, ಇನ್ಶೂರೆನ್ಸ್ ಕೇಳುವಾಗ ಪಿರಿಪಿರಿ. ಇನ್ಶೂರೆನ್ಸ್ ಅಂದ ಮೇಲೆ ನೆನಪಾಯ್ತು. ನಾವು ಕ್ಲೇಮು ಮಾಡ್ಲಿಕ್ಕೆ ಕೇಳಿದೆವು. ಸಾಮಾನ್ಯ ಪಾಲಿಸಿಯಲ್ಲಿ ಸವೆತ, ಯಂತ್ರ ಕೆಟ್ಟದ್ದು ಇದೆಲ್ಲ ಬರುದಿಲ್ಲ. ಕೆಟ್ಟ ಮೇಲೆ ಓಡಿಸಿ ಆದ ಹೆಚ್ಚಿನ ಹಾನಿಯಂತೂ ಬರುದೇ ಇಲ್ಲ.

ದಾರಿಯಲ್ಲಿ ಹೀಗಾದ್ರೆ ಎಂತ ಮಾಡುದು ಅಂತಲೂ ಹೇಳಿ ಮುಗಿಸ್ತೇನೆ. ಮುಳ್ಳು ಏರ್ಲಿಕ್ಕೆ ಶುರುವಾದ್ರೆ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಹಾಕಿ. ಸೆಕೆಗೆ ಬೆವರು ಸುರಿಯುತ್ತದೆ, ಆದ್ರೆ ಇಂಜಿನ್ನಿನ ಸ್ವಲ್ಪ ಬಿಸಿ ಹೊರಗೆ ಬರ್ತದೆ. ಜಾಗ ಸಿಕ್ಕಿದಲ್ಲಿ ನಿಲ್ಲಿಸಿ. ಕೆಂಪಿಗೆ ಹೋದ್ರೆ ಜಾಗ ಹುಡುಕುದೂ ಬೇಡ, ಇಂಡಿಕೇಟರ್ ನಾಲ್ಕೂ ಹಾಕಿ, ಹಿಂದೆ ಒಬ್ಬರನ್ನು ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ಹಿಂದಿನ ಬಸ್ಸಿನವರು ಬೊಬ್ಬೆ ಹಾಕಿದ್ರೆ ಹಾಕಲಿ. ಅರ್ಧ ಮುಕ್ಕಾಲು ಗಂಟೆ ಮುಚ್ಚಳ ಮುಟ್ಟಬೇಡಿ, ಕುಕ್ಕರಿನ ಹಾಗೇ ಮುಖಕ್ಕೆ ಹಾರ್ತದೆ. ಬಿಸಿ ಇಂಜಿನ್ನಿನ ಮೇಲೆ ತಣ್ಣೀರು ಸುರಿಯಬೇಡಿ, ಬಿರುಕು ಬೀಳಬಹುದು.

ನಮ್ಮ ಕಾರು ಆಮೇಲೆ ಎರಡು ಮಳೆಗಾಲ ಕಳೆಯಿತು. ಮೊದಲಿನ ಹಾಗೆ ಉಂಟು ಅಂತ ಸುಳ್ಳು ಹೇಳುದಿಲ್ಲ. ಈಗ ಚೂರು ಎಣ್ಣೆ ಕುಡಿಯುತ್ತದೆ, ತಿಂಗಳಿಗೊಮ್ಮೆ ಕಡ್ಡಿ ತೆಗೆದು ನೋಡ್ಲೇಬೇಕು. ಘಾಟಿ ಮೂರು ಸರ್ತಿ ಹತ್ತಿದೆ, ಮುಳ್ಳು ಅರ್ಧ ದಾಟಲಿಲ್ಲ. ಅತ್ತೆಯ ಬಳೆ ಅವರ ಕೈಯಲ್ಲೇ ಉಂಟು. ಕೂಲೆಂಟಿನ ಬಾಟ್ಲಿಯನ್ನು ಚಾವಡಿಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಅದರ ಮೇಲೆ ಮಗಳು ಸ್ಕೆಚ್ ಪೆನ್ನಿನಲ್ಲಿ "ಅಮ್ಮ, ಚೆಂಬು ತರಬೇಡ" ಅಂತ ಬರೆದು ಅಂಟಿಸಿದ್ದಾಳೆ.